ಇಪ್ಪೆ ಕಟ್ಟಿಗೆ

ನನ್ನ ಸೋದರಮಾವನ ಬಲಗೈ ಹೆಬ್ಬೆರಳಿನ ಉಗುರು ಸದಾ ಕಂದು ಬಣ್ಣಕ್ಕಿರುತ್ತಿತ್ತು. ಒಣಹಾಕಿದ ಇಪ್ಪೆ ಹೂವನ್ನು ಆ ಉಗುರಿನಿಂದ ಒತ್ತಿ ನೋಡಿ, ಅಂಟಿದರೆ ಇನ್ನಷ್ಟು ಬಿಸಿಲು ಬೇಕು ಎನ್ನುತ್ತಿದ್ದ. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಆ ಬಣ್ಣ ಹೋಗುತ್ತಿರಲಿಲ್ಲ.

ಶಹಾಪುರದ ಅಂಚಿನಲ್ಲಿ ಅವನದೊಂದು ಸಣ್ಣ ಭಟ್ಟಿ. ಕಳ್ಳಭಟ್ಟಿಯಲ್ಲ, ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿ ಪರವಾನಗಿ ತಂದಿದ್ದ. ಇಪ್ಪೆ ಹೂವನ್ನು ನೆನೆಹಾಕಿ, ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಕಾಸಿ ಮದ್ಯ ಇಳಿಸುತ್ತಿದ್ದ. ಅಂಗಡಿಯವರು ಕಂಪನಿ ಬಾಟಲಿಗಳನ್ನು ಮುಂದಿಟ್ಟು ಇವನದನ್ನು ಹಿಂದೆ ತಳ್ಳುತ್ತಿದ್ದರು. ಊರವರು ಪುಕ್ಕಟೆ ಕೊಟ್ಟಾಗ ಹೊಗಳಿ ಕುಡಿದು, ರೊಕ್ಕ ಬಿಚ್ಚುವಾಗ ಬೇರೆಯದನ್ನೇ ಕೊಳ್ಳುತ್ತಿದ್ದರು. ಆದರೂ ಒಳ್ಳೆಯ ಹೂವು ಸಿಗುತ್ತಿದ್ದುದರಿಂದ ಭಟ್ಟಿ ಕುಂಟುತ್ತ ನಡೆದಿತ್ತು.

ಆ ಹೂವು ಉದುರುತ್ತಿದ್ದದ್ದು ಸಗರದ ದಾರಿಯಲ್ಲಿ, ಅವನ ಬಾಲ್ಯದ ಗೆಳೆಯನ ಹೊಲದ ಬದುವಿನ ಮೇಲೆ. ಬೇಸಿಗೆ ಶುರುವಾದರೆ ಮಾವ ಸಂಜೆಯೇ ಹೋಗಿ ಮರಗಳ ಬುಡದಲ್ಲಿ ಹಳೆ ಸೀರೆ ಹಾಸಿ ಬರುತ್ತಿದ್ದ. ನಸುಕಿನಲ್ಲಿ ಬೀಳುವ ಹೂವಿಗೆ ಮಣ್ಣು ತಾಗಬಾರದು. ಅತ್ತೆಯ ಮದುವೆ ಸೀರೆಯೂ ಅಲ್ಲಿಗೇ ಹೋಯಿತು. ಆಕೆ ಅದನ್ನು ಕೊನೆತನಕ ಆಡಿ ತೋರಿಸಿದಳು. ಹೂವು ಮಾವನಿಗೆ, ವರ್ಷದ ಮೊದಲ ಗ್ಲಾಸು ಗೆಳೆಯನಿಗೆ; ಇಬ್ಬರ ನಡುವೆ ಇದ್ದದ್ದು ಅಷ್ಟೇ ಜಬಾನ್, ಬಾಯಿಮಾತಿನ ಕರಾರು. ಅವನು ಕುಡಿದು ಹೂಂ ಅನ್ನುವವರೆಗೆ ಮಾವ ಒಂದು ಬಾಟಲಿಗೂ ಬಿರಡೆ ಹಾಕುತ್ತಿರಲಿಲ್ಲ.

“ಕಾಗದ ಮಾಡಿಸ್ಕೋ ಮಾವ,” ಎಂದು ಒಮ್ಮೆ ಹೇಳಿದೆ. ಯಾದಗಿರಿಯಲ್ಲಿ ಗುಮಾಸ್ತನಾದವನಿಗೆ ಬೇರೇನು ತೋಚೀತು?

“ಸಣ್ಣವರಿದ್ದಾಗಿಂದ ಒಂದೇ ತಾಟಿನ್ಯಾಗ ಉಂಡೀವಿ. ಅಂವನ ಕಡಿಂದ ಕಾಗದ ಬರಸ್ಕೊಳ್ಳೋದಾ? ಭರೋಸಾ ಅಂಬೋದು ಅದನೋ ಇಲ್ಲೋ?”

ಕಾಲುವೆಯ ನೀರು ಆ ಹೊಲಕ್ಕೂ ಬಂತು. ಭತ್ತ ಹಚ್ಚುವವರು ಗುತ್ತಿಗೆಗೆ ಕೇಳಿಕೊಂಡು ಬಂದರು, ನೆರಳಲ್ಲಿ ಭತ್ತ ಏಳುವುದಿಲ್ಲ ಎಂದರು. ಮೊಗ್ಗು ಬಿಟ್ಟಿದ್ದ ಮರಗಳನ್ನು ಗೆಳೆಯ ಕಡಿಸಿದ. ಮಾವನಿಗೆ ಒಂದು ಮಾತು ಹೇಳಲಿಲ್ಲ. ಹೇಳುವುದು ಒತ್ತಟ್ಟಿಗಿರಲಿ, ಒಂದು ಟ್ರ್ಯಾಕ್ಟರ್ ಕಟ್ಟಿಗೆಯನ್ನು ಭಟ್ಟಿಗೇ ಕಳಿಸಿದ!

“ಸಾವ್ಕಾರ್ರು ಕಳಿಸ್ಯಾರ್ರಿ. ಒಣಗಿದ್ರ ಉರಿ ಛಲೋ ಹತ್ತತದಂತ,” ಎಂದ ಡ್ರೈವರ್.

ಮಾವ ಒಂದು ತುಂಡನ್ನೆತ್ತಿ ತೊಗಟೆಗೆ ಅದೇ ಉಗುರು ಒತ್ತಿದ. ಹಾಲು ಒಸರಿತು. “ಇಪ್ಪಿ ಗಿಡ,” ಎಂದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ರಜೆಗೆ ಬಂದು ಅಲ್ಲೇ ಇದ್ದ ನನಗೆ ಮೈಯೆಲ್ಲ ಉರಿದುಹೋಯಿತು. ವಾಪಸ್ ಒಯ್ಯಿ ಎಂದು ಕೂಗಾಡಿದೆ. “ಇರ್ಲಿ, ಇಳಿಸು,” ಎಂದ ಮಾವ.

ಗುರುಮಠಕಲ್ ಕಡೆಯಿಂದ ಹೂವು ತರಿಸಿದ. ಬೂಸಲು ಹಿಡಿದು ಬಂತು. ಬೆಲ್ಲ ಬೆರೆಸು ಎಂದರು ಕೆಲವರು. “ಬಾಟ್ಲಿ ಮ್ಯಾಲ ಹೂವಿನ ಚಿತ್ರ ಹಚ್ಚೀನಿ. ಒಳಗ ಬೆಲ್ಲ ಹ್ಯಾಂಗ ಹಾಕ್ಲಿ?” ಎಂದ. ಮನೆಯಲ್ಲಿ ಉಳಿದಿದ್ದ ಹಿಂದಿನ ವರ್ಷದ ಹೂವನ್ನೆಲ್ಲ ಸುರಿದು, ಒಣಗಿದ ಆ ಕಟ್ಟಿಗೆಯನ್ನೇ ಒಟ್ಟಿ ಕೊನೆಯ ಸಲ ಹಂಡೆ ಏರಿಸಿದ. ಗೆಳೆಯನನ್ನು ಎಂದಿನಂತೆ ಕರೆಸಿದ.

ಅವನು ಬಂದ, ಕುಡಿದ. “ಈ ಸಲ ಭಾಳ ಛಲೋ ಇಳದದಲೋ ದೋಸ್ತ!”

“ಇಳೀಲಾರದೇನು? ನೀ ಕಳಿಸಿದ ಗಿಡಾನ ಉರಿಸೀನಿ. ಇನ್ನ ಮುಂದ ನಿನ್ನ ಕರಿಯಂಗಿಲ್ಲ.”

ಗೆಳೆಯ ಗ್ಲಾಸು ಕೆಳಗಿಟ್ಟ. “ಹೊಲ ನಂದಪಾ.”

“ಹೊಲ ನಿಂದೇ,” ಎಂದ ಮಾವ. “ಜಬಾನ್ ಇಬ್ಬರದಿತ್ತು.”

ಆಮೇಲೆ ಭಟ್ಟಿ ಹೊತ್ತಲಿಲ್ಲ. ಮಾವನೂ ಬಹಳ ದಿನ ಉಳಿಯಲಿಲ್ಲ. ಮಣ್ಣಿಗೆ ಬಂದ ಗೆಳೆಯ ಎಲ್ಲರಿಗಿಂತ ಜೋರಾಗಿ ಅತ್ತ; ಜನ ಅವನನ್ನೇ ಸಮಾಧಾನ ಮಾಡಿದರು.

ಕೊನೆಯ ಇಳಿತದ ಒಂದು ಬಾಟಲಿ ನನ್ನ ಬಳಿ ಉಳಿದಿದೆ. ಈಚೆಗೆ ಆ ಗೆಳೆಯ ಯಾದಗಿರಿಗೆ, ನಮ್ಮ ಮನೆಗೇ ಬಂದ. ಮುದುಕನಾಗಿದ್ದಾನೆ. “ಅವನ ನೆನಪಿಗೆ ಒಂದು ಗುಟುಕು ಕೊಡಪಾ,” ಎಂದ.

“ಕರಿಯಂಗಿಲ್ಲ ಅಂದಿದ್ದನಲ್ರಿ ಮಾವ. ನಾ ಹ್ಯಾಂಗ ಕೊಡ್ಲಿ?”

ಕೋಲೂರಿಕೊಂಡು ಮೆಟ್ಟಿಲಿಳಿದು ಹೋದ. ನನಗೆ ಪಾಪ ಅನ್ನಿಸಲಿಲ್ಲ.