ಅಂಗೈಯಲ್ಲಿದ್ದ ಕೆಂಪು ಗುಂಡಿ

ಅಲ್ಲಾಡದೆ ನಿಲ್ಲುವುದನ್ನು ಮಗಳಿಗೆ ಕಲಿಸಿದವಳು ನಾನೇ. ಎರಡು ವಾರ, ಹರ್ಲಿಂಗ್‌ಹ್ಯಾಮ್‌ನ ನಮ್ಮ ಫ್ಲ್ಯಾಟಿನಲ್ಲಿ, ಸಂಜೆ ಹಾಲು ಕುಡಿದಾದ ಮೇಲೆ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ ನಾನು ಗಡಿಯಾರ ನೋಡುತ್ತ ಕೂರುತ್ತಿದ್ದೆ.

ಅವಳ ಶಾಲೆ ಸ್ಪ್ರಿಂಗ್ ವ್ಯಾಲಿಯ ಕಡೆ ಇತ್ತು. ಅಮೆರಿಕದ ಪಠ್ಯಕ್ರಮ. ಅಲ್ಲಿ ಐದನೆಯ ತರಗತಿಯವರು ವರ್ಷಕ್ಕೊಮ್ಮೆ ಮೇಣದ ಗೊಂಬೆಗಳ ಮ್ಯೂಸಿಯಂ ಮಾಡುತ್ತಾರೆ. ಗೊಂಬೆಗಳು ಮಕ್ಕಳೇ. ಒಬ್ಬೊಬ್ಬರೂ ಒಬ್ಬ ಅಮೆರಿಕದ ಅಧ್ಯಕ್ಷನ ವೇಷ ಹಾಕಿ, ಮರದ ಪೆಟ್ಟಿಗೆಯ ಮೇಲೆ ಕಲ್ಲಿನಂತೆ ನಿಲ್ಲಬೇಕು. ಚಾಚಿದ ಅಂಗೈಯಲ್ಲಿ ಕೆಂಪು ಕಾಗದದ ಗುಂಡಿ ಅಂಟಿಸಿರುತ್ತಾರೆ. ನೋಡಲು ಬಂದವರು ಅದನ್ನು ಒತ್ತಿದರೆ ಗೊಂಬೆ ಬಾಯಿ ತೆರೆದು ತನ್ನ ಜೀವನ ಹೇಳುತ್ತದೆ. ಮುಗಿದ ಮೇಲೆ ಮತ್ತೆ ಮೇಣ.

ಮಗಳ ಪಾಲಿಗೆ ಬಂದದ್ದು ಮೊದಲ ಅಧ್ಯಕ್ಷ. ಹರೆಯದಲ್ಲಿ ಕಾಡು ಅಳೆಯುತ್ತಿದ್ದವನು, ಆಮೇಲೆ ಸೇನಾಪತಿ, ಆಮೇಲೆ ಅಧ್ಯಕ್ಷ. ಪ್ರಮಾಣ ಮಾಡುವ ಹೊತ್ತಿಗೆ ಅವನ ಬಾಯಲ್ಲಿ ಉಳಿದಿದ್ದದ್ದು ಒಂದೇ ಹಲ್ಲು.

"ಅಮ್ಮಾ, ಅವನ ಹಲ್ಲಿನ ಸೆಟ್ಟು ಹಿಪ್ಪೋ ದಂತದ್ದು! ಇಲ್ಲಿನ ಕೆರೆಗಳಲ್ಲಿರೋ ನಮ್ಮ ಹಿಪ್ಪೋ!" ಎಂದು ಒಂದು ದಿನ ಕುಣಿದಳು. ಮರುದಿನ ಸಪ್ಪಗಿದ್ದಳು. ಗುಲಾಮರ ಬಾಯಿಂದ ಕಿತ್ತ ಹಲ್ಲುಗಳನ್ನೂ ಅವನು ಕೊಂಡಿದ್ದನೆಂದು ಎಲ್ಲೋ ಓದಿದ್ದಳು. "ಅವರು ಆಮೇಲೆ ಹೇಗೆ ಊಟ ಮಾಡ್ತಿದ್ರು?" ಎಂದಳು. ನಾನು ಅವಳ ವೇಷಕ್ಕೆ ಬಿಳಿ ಉಣ್ಣೆಯ ಕೂದಲಿನ ಟೋಪು ಹೊಲಿಯುತ್ತ ಹೋದೆ.

ಅವಳ ಭಾಷಣದ ಕೊನೆ ಅವನ ಸಾವು. ಮಳೆ, ಹಿಮದಲ್ಲಿ ಕುದುರೆಯ ಮೇಲೆ ತೋಟ ಸುತ್ತಿ ಬಂದವನಿಗೆ ಗಂಟಲು ಬಾತುಕೊಂಡಿತು. ವೈದ್ಯರು ಮತ್ತೆ ಮತ್ತೆ ರಕ್ತ ತೆಗೆದರು. ಜೀವಂತ ಹೂಳಿಬಿಟ್ಟಾರೆಂಬ ಭಯ ಅವನಿಗೆ. ಸತ್ತು ಮೂರು ದಿನ ಆಗುವವರೆಗೆ ಗೋರಿಗೆ ಇಳಿಸಬೇಡಿ ಎಂದು ಕೇಳಿಕೊಂಡ.

"ಅದೆಲ್ಲ ಬೇಡ ಪುಟ್ಟಿ," ಎಂದೆ. "ನಿನ್ನ ಬಾಯಲ್ಲಿ 'ನಾನು ಸತ್ತ ಮೇಲೆ' ಅಂತ ಬರೋದು ಬೇಡ. ಅಶುಭ. ಎಂಟು ವರ್ಷ ಆಳಿ, ತಾನಾಗಿ ಕುರ್ಚಿ ಬಿಟ್ಟು ಮನೆಗೆ ಹೋದ, ಅಲ್ಲಿಗೆ ನಿಲ್ಸು."

"ಅಮ್ಮಾ, ಇಟ್ಸ್ ಹಿಸ್ಟರಿ!"

"ಹಿಸ್ಟರಿ ಪುಸ್ತಕದಲ್ಲಿರಲಿ. ಇನ್ನೊಂದು ಮಾತು. ಗುಂಡಿ ಒತ್ತೋವರೆಗೂ ಇರುವೆ ಕಚ್ಚಿದ್ರೂ ಅಲ್ಲಾಡಬಾರದು. ಗೊತ್ತಾಯ್ತಾ?"

ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಮ್ಯೂಸಿಯಂ ಬೆಳಿಗ್ಗೆ ಹತ್ತಕ್ಕೆ. ಶಾಲೆಯ ಹಾಲ್‌ನ ಪರದೆ ಎಳೆದು ಅರೆಗತ್ತಲು ಮಾಡಿದ್ದರು. ಮಕ್ಕಳು ಆಗಲೇ ಸಾಲಾಗಿ ನಿಂತಿದ್ದರು. ನಾವು ನಾಲ್ಕೈದು ತಾಯಂದಿರು ಮಾತ್ರ ಮೊದಲೇ ಬಂದು ತಿಂಡಿ ಜೋಡಿಸುತ್ತಿದ್ದೆವು. ಕೋಡುಬಳೆಯ ಡಬ್ಬಿ ತೆರೆಯುತ್ತಿದ್ದೆ. ರಸ್ತೆಯ ಕಡೆಯಿಂದ ಎರಡು ಸದ್ದು. ಟೈರ್ ಒಡೆಯಿತೆಂದುಕೊಂಡೆ. ಮೂರನೆಯದಕ್ಕೆ ಅಲಾರಂ ಕೂಗಿಕೊಂಡಿತು.

ಅಲಾರಂ ಕೂಗಿದರೆ ಎಲ್ಲರೂ ವೇದಿಕೆಯ ಹಿಂದಿನ ಸಾಮಾನಿನ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳಬೇಕು. ಅಧ್ಯಕ್ಷರೆಲ್ಲ ಪೆಟ್ಟಿಗೆಗಳಿಂದ ಧುಮುಕಿ ಓಡಿದರು. ನಾನು ಬಿಳಿ ಉಣ್ಣೆಯ ಟೋಪನ್ನು ನೋಡಿ, ಮಗಳೆಂದುಕೊಂಡು ಕೈ ಹಿಡಿದು ಎಳೆದುಕೊಂಡು ಒಳಗೆ ನುಗ್ಗಿದೆ. ಬಾಗಿಲು ಮುಚ್ಚಿತು. ಕತ್ತಲಲ್ಲಿ ಆ ಟೋಪು ತಲೆಯೆತ್ತಿ, ಇಂಗ್ಲಿಷಿನಲ್ಲಿ, "ಆಂಟಿ, ನಾನು ಎರಡನೆಯ ಅಧ್ಯಕ್ಷ," ಎಂದಿತು.

ಬೇರೆ ಯಾರದೋ ಹುಡುಗ.

ಬಾಗಿಲಿನ ಸಂದಿಯಿಂದ ನೋಡಿದೆ. ಖಾಲಿ ಪೆಟ್ಟಿಗೆಗಳ ನಡುವೆ ಮಗಳೊಬ್ಬಳೇ ನಿಂತಿದ್ದಳು, ಅಂಗೈ ಚಾಚಿಕೊಂಡು. ಯಾರೂ ಗುಂಡಿ ಒತ್ತಿರಲಿಲ್ಲವಲ್ಲ.

ಚಿಲಕಕ್ಕೆ ಕೈ ಹಾಕಿದೆ. ಟೀಚರ್ ನನ್ನ ಮಣಿಕಟ್ಟು ಹಿಡಿದರು. "ತೆರೆಯಬೇಡಿ. ಇಲ್ಲಿ ಇಪ್ಪತ್ತು ಮಕ್ಕಳಿದ್ದಾರೆ," ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಹಾಲ್‌ನಲ್ಲಿ ಹೆಜ್ಜೆ ಕೇಳಿತು.

ಓಡುವವರ ಹೆಜ್ಜೆಯಲ್ಲ. ಪ್ರದರ್ಶನ ನೋಡಲು ಬಂದವರ ಹಾಗೆ ನಿಧಾನ. ಒಂದು ಪೆಟ್ಟಿಗೆಯ ಮುಂದೆ ನಿಂತು, ಮುಂದಿನದಕ್ಕೆ ನಡೆದು. ಸಂದಿಯಲ್ಲಿ ಒಂದು ಕಂದು ಜಾಕೆಟ್ಟಿನ ಬೆನ್ನು ಬಂತು. ಬಲಗೈ ಜಾಕೆಟ್ಟಿನೊಳಗಿತ್ತು. ಆ ಬೆನ್ನು ಅವಳ ಮುಂದೆ ನಿಂತು ಅವಳನ್ನು ಮರೆಮಾಡಿತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಆಗ ಅವಳ ದನಿ ಕೇಳಿತು. ನಡುಗದ, ಸ್ಪಷ್ಟ ಇಂಗ್ಲಿಷ್. ನಾನು ಅಮೆರಿಕದ ಮೊದಲ ಅಧ್ಯಕ್ಷ. ಕಾಡು, ಯುದ್ಧ, ಪ್ರಮಾಣ, ಒಂದೇ ಹಲ್ಲು, ಎಂಟು ವರ್ಷ. ತಾನಾಗಿ ಮನೆಗೆ ಹೋದ ಎಂಬಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಒಂದು ಕ್ಷಣ ತಡೆದು, ನಾನು ತೆಗೆಸಿದ್ದ ಸಾಲುಗಳನ್ನು ಅವಳು ಒಂದೊಂದಾಗಿ ಹೇಳಿದಳು. ಗಂಟಲು. ರಕ್ತ. ನಾನು ಸತ್ತ ಮೇಲೆ ಮೂರು ದಿನ ಕಾಯಿರಿ.

ಆಮೇಲೆ ಒಂದು ಗಂಡು ದನಿ, ಮೆಲ್ಲಗೆ: "ಅಸಾಂಟೆ." ಇಲ್ಲಿಯವರ ಧನ್ಯವಾದ. ಹೆಜ್ಜೆಗಳು ದೂರವಾದವು.

ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆದರು. ಗೇಟಿನ ಕಾವಲುಗಾರ, "ಸವಾ, ಮಮಾ, ಸವಾ," ಎಂದು ಸಮಾಧಾನ ಮಾಡಿದ. ಪೊಲೀಸರು ರಸ್ತೆಯಲ್ಲಿ ಗುಂಡು ಹಾರಿಸುತ್ತ ಕಳ್ಳರ ಕಾರನ್ನು ಅಟ್ಟಿಸಿಕೊಂಡು ಹೋದರಂತೆ. ಶಾಲೆಯೊಳಗೆ ಯಾರೂ ಬಂದಿಲ್ಲವಂತೆ. ಟೀಚರ್ ನನ್ನ ಮುಖ ನೋಡಿದರು. ಅವರಿಗೂ ಹೆಜ್ಜೆ ಕೇಳಿತ್ತು. ಕಂದು ಜಾಕೆಟ್ಟಿನವನು ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ವಾಪಸು ಬರುವಾಗ ರಿವರ್‌ಸೈಡ್ ಹತ್ತಿರ ಮಟಾಟು ವ್ಯಾನುಗಳ ಹಿಂದೆ ಕಾರು ಸಿಕ್ಕಿಹಾಕಿಕೊಂಡಿತು. ಮಗಳು ಟೋಪು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅವನು ಗುಂಡಿ ಒತ್ತಿದಾಗ ಭಯ ಆಗ್ಲಿಲ್ವಾ ಪುಟ್ಟಿ?"

"ನೋ ಅಮ್ಮಾ. ಹಿ ಡಿಡ್ ನಾಟ್ ಪ್ರೆಸ್ ಇಟ್."

ಅಂಗೈ ತೋರಿಸಿದಳು. ಬೆಳಿಗ್ಗೆ ನಾನು ಅಂಟಿಸಿದ ಕೆಂಪು ಕಾಗದ ಒಂದು ಸುಕ್ಕೂ ಇಲ್ಲದೆ ಹಾಗೇ ಇತ್ತು.

"ಮತ್ತೆ ಯಾಕೆ ಮಾತಾಡಿದೆ?"

"ಯು ವರ್ ಕ್ರೈಯಿಂಗ್. ಹೊರಗೆ ಕೇಳಿಸ್ತಿತ್ತು. ಅವನು ಬಾಗಿಲ ಕಡೆ ತಿರುಗಿದ." ಅವಳು ಗುಂಡಿಯ ಅಂಚನ್ನು ಉಗುರಿನಿಂದ ಎಬ್ಬಿಸುತ್ತಿದ್ದಳು. "ಸ್ಪೀಚ್ ಮುಗೀತು. ನೀನಿನ್ನೂ ಅಳೋದು ನಿಲ್ಸಿರ್ಲಿಲ್ಲ. ಸೋ ಐ ಡಿಡ್ ದ ತ್ರೀ ಡೇಸ್ ಆಲ್ಸೋ."