ಮನೆಯವರು ಎಂದರೆ ಯಾರು

ಅರ್ಜಿಯಲ್ಲಿ 'ಸಂಬಂಧ' ಎಂಬ ಕಾಲಮಿಗೆ ನನ್ನ ಎರಡು ಬೆರಳಿನಷ್ಟು ಅಗಲವಿತ್ತು. ನಾಲ್ಕು ದಿನ ಅದನ್ನು ಖಾಲಿ ಬಿಟ್ಟೆ. ಬಿ.ಎ. ಪರೀಕ್ಷೆಯಲ್ಲೂ ನಾನು ಒಂದು ಪ್ರಶ್ನೆಯನ್ನೂ ಬಿಟ್ಟವಳಲ್ಲ.

ಸರಕಾರಿ ನೌಕರರ ಮನೆಯವರಿಗೆ ಕಾಯಿಲೆಯಾದರೆ ಚಿಕಿತ್ಸೆಯ ಹೊಣೆ ಸರಕಾರದ್ದು. ಬೆಳ್ತಂಗಡಿಯ ಹೈಸ್ಕೂಲಿಗೆ ಟೀಚರಾಗಿ ಬಂದಾಗ ನನಗೆ ತುಂಬ ಹಿಡಿಸಿದ ನಿಯಮವಿದು. ಆದರೆ ಮನೆಯವರು ಯಾರೆಂಬುದನ್ನೂ ಸರಕಾರವೇ ತೀರ್ಮಾನಿಸುತ್ತದೆ: ಗಂಡ, ಮಕ್ಕಳು, ತಂದೆ, ತಾಯಿ. ನನ್ನ ಹೆತ್ತಮ್ಮ ನಾನು ಮೂರು ತಿಂಗಳ ಕೂಸಾಗಿದ್ದಾಗಲೇ ತೀರಿಕೊಂಡರು; ಅಪ್ಪನೂ ಈಗಿಲ್ಲ. ಸಾಕಿದವರು ಮೂಡಬಿದಿರೆಯ ದೊಡ್ಡಮ್ಮ, ಅಮ್ಮನ ಅಕ್ಕ. ನಮ್ಮದು ಅಳಿಯಕಟ್ಟು, ಕುಟುಂಬವನ್ನು ಹೆಣ್ಣಿನ ಕಡೆಯಿಂದ ಎಣಿಸುವವರು. ಮನೆಗೆ ದೊಡ್ಡಮ್ಮ ಯಜಮಾನಿ, ಅಪ್ಪಂದಿರು ಬಂದುಹೋಗುವ ನೆಂಟರು. ಸರಕಾರದ ಪಟ್ಟಿಯಲ್ಲಿ ನೆಂಟರಿಗೆ ಜಾಗವುಂಟು, ಯಜಮಾನಿಗಿಲ್ಲ.

ದೊಡ್ಡಮ್ಮನ ಒಂದು ಕಣ್ಣು ಆಗಲೇ ಹೋಗಿತ್ತು. ಈ ತಿಂಗಳೊಳಗೆ ಆಪರೇಶನ್ ಆಗದಿದ್ದರೆ ಇನ್ನೊಂದೂ ಉಳಿಯದೆಂದು ಡಾಕ್ಟರು ಹೇಳಿದ್ದರು.

"ತಾಯಿ ಅಂತ ಬರೀರಿ ಟೀಚರೇ," ಎಂದರು ಶಾಲೆಯ ಗುಮಾಸ್ತರು. "ನಮ್ಮ ಜಿಲ್ಲೆಗೆ ಮದರಾಸು ಸರಕಾರ ಹೋಗಿ ಮೈಸೂರು ಸರಕಾರ ಬಂತು. ನಿಮ್ಮ ಅಮ್ಮ ಇದ್ದಾರೋ ಇಲ್ಲವೋ ಅಂತ ಅಲ್ಲಿಂದ ಯಾರು ನೋಡ್ಲಿಕ್ಕೆ ಬರ್ತಾರೆ ಮಾರಾಯ್ರೆ?"

ಶಾಲೆಗೆ ಹತ್ತಿರದ ಲಾಯಿಲದಲ್ಲಿ ನನ್ನ ಬಾಡಿಗೆ ಕೋಣೆಯಲ್ಲಿ ಕುಳಿತು ಯೋಚಿಸಿದೆ. ನಿಜ ಬರೆದರೆ, ಸರಕಾರದ ಪ್ರಕಾರ ನನಗೆ ಯಾರೂ ಇಲ್ಲ. ಒಬ್ಬಳೇ ಬೇಯಿಸಿ ಒಬ್ಬಳೇ ಉಂಡ ಎರಡು ವರ್ಷಗಳಲ್ಲಿ ಹಾಗನಿಸಿರಲಿಲ್ಲ. ಆ ಅರ್ಜಿ ಓದಿದ ಮೇಲೆ ಅನಿಸತೊಡಗಿತು. ಸರಕಾರವನ್ನು ನಂಬಬಹುದೇ ಎಂದು ಜನ ಕೇಳುತ್ತಾರೆ. ನನ್ನಂಥವರು ಅಗತ್ಯಕ್ಕಿಂತ ಹೆಚ್ಚೇ ನಂಬುತ್ತೇವೆಂದು ಕಾಣುತ್ತದೆ.

ಭಾನುವಾರ ಮೂಡಬಿದಿರೆಗೆ ಹೋಗಿ ದೊಡ್ಡಮ್ಮನಿಗೆ ಗುಮಾಸ್ತರ ಉಪಾಯ ಹೇಳಿದೆ.

"ಬೇಡ ಮಗಾ. ಸತ್ತ ತಂಗಿಯ ಜಾಗದಲ್ಲಿ ನಾನು ಕೂತುಕೊಳ್ಳುವುದಿಲ್ಲ," ಎಂದರು. "ಮಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ದುಡ್ಡಿಲ್ಲದವರಿಗೆ ಧರ್ಮದ ವಾರ್ಡು ಉಂಟಲ್ಲ? ಅದೂ ಸರಕಾರದ್ದೇ. ಅಲ್ಲಿಗೆ ಹೋಗುವ."

"ಅಲ್ಲಿ ನೆಲದಲ್ಲಿ ಮಲಗಿಸ್ತಾರೆ, ದೊಡ್ಡಮ್ಮ."

"ಕಣ್ಣಿಗೆ ಪಟ್ಟಿ ಕಟ್ಟಿದ ಮೇಲೆ ನೆಲವೋ ಮಂಚವೋ, ನನಗೇನು ಕಾಣ್ತದೆ? ನಾಚಿಕೆ ಆಗುವುದು ನಿನಗೆ, ಟೀಚರಮ್ಮ!"

ಅವರು ಹೇಳಿದ್ದು ಸರಿ. ಧರ್ಮದ ವಾರ್ಡಿನ ವಿಷಯ ನನಗೂ ಗೊತ್ತಿತ್ತು. ಕಲಿತ ಹುಡುಗಿಯ ಮನೆಯವರು ಅಲ್ಲಿ ಮಲಗಬಾರದೆಂದು ತೀರ್ಮಾನಿಸಿದ್ದು ಸರಕಾರವಲ್ಲ, ನಾನು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ದೊಡ್ಡಮ್ಮನ ಕೈ ಹಿಡಿದು ಸಾಲಿನಲ್ಲಿ ನಿಂತೆ. ನಮ್ಮ ಸರದಿ ಬಂದಾಗ ನರ್ಸು "ಯಾವ ಕಣ್ಣು?" ಎಂದು ಮಾತ್ರ ಕೇಳಿದಳು.

ಎಡದ್ದು, ಎಂದೆ.