ಕೌದಿಯೊಳಗಿನ ಐದನೆಯ ನಕ್ಷೆ

ಅಪ್ಪ ನನಗೆ ಬಿಟ್ಟುಹೋದದ್ದು ಎರಡೇ: ಮೂಗಿನ ತುದಿಯ ಸಿಟ್ಟು, ಮತ್ತು ಒಂದು ರೈಲ್‌ಕಾರಿನ ಹುಚ್ಚು.

ಅವನು ರೈಲ್ವೆ ಕಾರ್ಖಾನೆಯಲ್ಲಿ ಫಿಟರ್. ಬೈಲಹೊಂಗಲದ ಮನೆಗೆ ರಜೆಗೆ ಬಂದಾಗಲೆಲ್ಲ ಆ ಗಾಡಿಯ ಮಾತೇ. ಮೂತಿ ಲಾರಿಯದು, ಮೈ ಬಸ್ಸಿನದು, ಗಾಲಿ ರೈಲಿನವು. ಒಂದೇ ಡಬ್ಬಿ, ಮುಂದಕ್ಕಷ್ಟೇ ಓಡುತ್ತಿತ್ತು. ಹಳಿ ಮುಗಿದಲ್ಲಿ ಹೊಟ್ಟೆಯ ಕೆಳಗಿನ ಜಾಕ್ ಇಳಿಸಿ, ಇಡೀ ಗಾಡಿಯನ್ನು ಎತ್ತಿ, ನಾಲ್ಕು ಜನ ದೂಡಿ ತಿರುಗಿಸಬೇಕಿತ್ತಂತೆ. ಅದು ಗುಜರಿಗೆ ಹೋದಾಗ, ಕಸಕ್ಕೆ ಬಿದ್ದ ಅದರ ಐದು ನಕ್ಷೆಗಳನ್ನು ಅಪ್ಪ ಕೇಳಿ ಮನೆಗೆ ತಂದಿದ್ದ. ಗಂಜಿ ಕುಡಿದು ಗರಿಗರಿಯಾದ ತೆಳು ಬಟ್ಟೆಯ ಮೇಲೆ ಕಪ್ಪು ಶಾಯಿಯ ಗೆರೆಗಳು. ಐದನೆಯದರಲ್ಲಿ ಆ ಜಾಕ್ ಇತ್ತು.

ನಮ್ಮ ಕಡೆ ಹಸುಗೂಸಿಗೆ ಹೊಸ ಬಟ್ಟೆ ತೊಡಿಸುವುದಿಲ್ಲ. ತೊಳೆದು ತೊಳೆದು ಮೆತ್ತಗಾದ ಹಳೆಯದೇ ಆಗಬೇಕು. ತಂಗಿ ಹುಟ್ಟಿದಾಗ ಅವ್ವ ಆ ನಕ್ಷೆಗಳನ್ನು ಬಿಸಿನೀರಿಗೆ ಹಾಕಿದಳು. ಗಂಜಿ ಬಿಟ್ಟಿತು, ಶಾಯಿ ಬಿಟ್ಟಿತು, ಬೆಣ್ಣೆಯಂಥ ಬಿಳಿ ಬಟ್ಟೆ ಉಳಿಯಿತು. ಅದರಲ್ಲಿ ಕೂಸಿಗೆ ತಲೆ-ಬೆನ್ನು ಮುಚ್ಚುವ ಕುಂಚಿಗೆ ಹೊಲಿದಳು. ಅಪ್ಪ ಬಂದು ತೊಟ್ಟಿಲು ನೋಡಿದ. ಕುಂಚಿಗೆಯ ಅಂಚಿನಲ್ಲಿ ಒಂದು ಗಾಲಿಯ ಅರ್ಧ ಇನ್ನೂ ಮಸುಕಾಗಿ ಕಾಣುತ್ತಿತ್ತು. ಸಾಗವಾನಿಯ ಅಳತೆಪಟ್ಟಿ ಮುರಿಯುವತನಕ ಅವ್ವನನ್ನು ಹೊಡೆದ. ಆಗ ನನಗೆ ಎಂಟು ವರ್ಷ. ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ, ಬಿಡಿಸಲಿಲ್ಲ. ಅವ್ವನ ಎಡಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

"ಐದನೇದು ಎಲ್ಲೈತಿ?" ಎಂದ ಅಪ್ಪ.

"ಅದನ್ನೂ ತೊಳದೀನಿ" ಎಂದಳು. ಅದಕ್ಕೂ ಬಿತ್ತು.

ಅಪ್ಪ ನಂಬಲಿಲ್ಲ. ಸಾಯುವತನಕ ಟ್ರಂಕು, ಅಟ್ಟ, ಜೋಳದ ಚೀಲ ಎಲ್ಲ ತಡಕಾಡಿದ. ತಡಕಾಡಿ ಸಿಗದಾಗಲೆಲ್ಲ ಅವ್ವನ ಬೆನ್ನು ಸಿಕ್ಕುತ್ತಿತ್ತು.

ಬಡಿಗನಾದ ನಾನು ಎರಡು ವರ್ಷದ ಹಿಂದೆ ಆ ಗಾಡಿಯ ಮಾದರಿ ಮಾಡಲು ಕೈಹಾಕಿದೆ. ಅಪ್ಪನ ಜೊತೆ ದುಡಿದು ಈಗ ಕಿತ್ತೂರಿನಲ್ಲಿರುವ ಮುದುಕರೊಬ್ಬರ ಹತ್ತಿರ ಒಂದು ಫೋಟೋ ಸಿಕ್ಕಿತು. ಗಾಡಿಯ ಪಕ್ಕ ನಿಂತಿದ್ದ ಅಪ್ಪನ ಎತ್ತರವನ್ನೇ ಅಳತೆಗೋಲು ಮಾಡಿಕೊಂಡು ಮೈ, ಮೂತಿ, ಬಾಗಿಲು ಎಲ್ಲ ಕಟ್ಟಿದೆ. ಹೊಟ್ಟೆಯ ಕೆಳಗೆ ಮಾತ್ರ ಫೋಟೋದಲ್ಲಿ ಬರೀ ಕಪ್ಪು. ಜಾಕ್ ಇಲ್ಲದೆ ಅದು ಆ ಗಾಡಿಯೇ ಅಲ್ಲ. ಸಿಕ್ಕಿದ್ದನ್ನೆಲ್ಲ ಎತ್ತಿ ಒಗೆದು, ಅವ್ವನ ಮುಂದೆ ಒದರಾಡಿದೆ. ಅವಳು ನಕ್ಕಳು.

"ಐದನೇದು ಕೌದ್ಯಾಗ ಐತೋ. ನಿಮ್ಮಪ್ಪ ಹಗಲೆಲ್ಲಾ ಹುಡುಕತಿದ್ದ, ರಾತ್ರಿ ಅದನ್ನ ಹೊತ್ಕೊಂಡು ಮಲಗತಿದ್ದ. ಹೊಡಿ, ಎಷ್ಟ್ ಹೊಡಿತಿ ಹೊಡಿ ಅಂತ ನಾ ಒಳಗೊಳಗ ನಗತಿದ್ದೆ."

ಆ ಕೌದಿ ಈಗ ಸವದತ್ತಿಯಲ್ಲಿ, ತಂಗಿಯ ಮನೆಯಲ್ಲಿತ್ತು. ಅವ್ವ ತಡೆಯುವುದರೊಳಗೆ ಜೇಬಿಗೆ ಉಳಿ ಹಾಕಿಕೊಂಡು ಬೈಕ್ ಹತ್ತಿದೆ.

ತಂಗಿ ಕೌದಿಯನ್ನು ಎದೆಗವಚಿಕೊಂಡಳು. "ಅವ್ವ ಗೆದ್ದದ್ದು ಇದೊಂದ ಐತಿ ಅಣ್ಣಾ. ಇದನ್ನ ಹರಿಯಾಕ ಬಿಡೂದಿಲ್ಲ."

"ಬಿಡು" ಎಂದೆ. ಬಿಡಲಿಲ್ಲ. ಕೆನ್ನೆಗೆ ಬಾರಿಸಿದೆ. ಆಗಲೂ ಬಿಡಲಿಲ್ಲ. ದಬ್ಬಿದೆ. ಅವಳ ಹಣೆ ಬಾಗಿಲ ಚೌಕಟ್ಟಿಗೆ ಬಡಿದು, ಹುಬ್ಬು ಒಡೆದು, ರಕ್ತ ಮುಖದ ಮೇಲೆ ಇಳಿಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು: ನಾನು ನಿಲ್ಲಲಿಲ್ಲ. ಮಂಡಿಯೂರಿ ಕುಳಿತು, ಅಪ್ಪನ ಧೋತರದ ತುಂಡು, ಅವ್ವನ ಇಳಕಲ್ ಸೀರೆಯ ತುಂಡು ಎನ್ನದೆ ಪದರ ಪದರವಾಗಿ ಉಳಿಯಿಂದ ಸೀಳಿದೆ.

ನಡುವೆ ಅದು ಸಿಕ್ಕಿತು. ಇಡಿಯಾಗಿತ್ತು. ಬೆಳ್ಳಗಿತ್ತು. ಒಂದು ಗೆರೆಯೂ ಇರಲಿಲ್ಲ.

ಪ್ರತಿ ದಸರೆಯ ಮುಂದೆ ಮನೆಯ ಹಾಸಿಗೆ-ಹೊದಿಕೆಯೆಲ್ಲ ಹಳ್ಳಕ್ಕೆ ಒಗೆಯಲು ಹೋಗುತ್ತಿದ್ದವು. ಆ ಕೌದಿಯನ್ನು ಹೆಗಲ ಮೇಲೆ ಹೊತ್ತು ಒಯ್ದವನು ನಾನೇ, ಕಲ್ಲಿಗೆ ಬಡಿದವನೂ ನಾನೇ. ನೆತ್ತಿಗೇರಿದ ಸಿಟ್ಟಿನಲ್ಲಿ ಅಷ್ಟೂ ಹೊಳೆದಿರಲಿಲ್ಲ.

ತಂಗಿ ನನ್ನ ಕೈಯಿಂದ ಆ ಬಟ್ಟೆ ಕಸಿದು ಹುಬ್ಬಿಗೆ ಒತ್ತಿಕೊಂಡಳು. "ಅಪ್ಪ ಸತ್ತಾನ ಅಂತ ತಿಳ್ಕೊಂಡಿದ್ದೆ" ಎಂದಳು.

ಹರಿದ ಕೌದಿಯನ್ನು ಬೈಲಹೊಂಗಲಕ್ಕೆ ತಂದು ಅವ್ವನ ಮುಂದೆ ಹಾಕಿದೆ. ಅವಳು ಕೌದಿಯ ಮೇಲಿನ ರಕ್ತದ ಕಲೆ ನೋಡಿದಳು, ನನ್ನ ಬಲಗೈ ನೋಡಿದಳು. ಅಪ್ಪ ಮನೆಯೊಳಗೆ ಕಾಲಿಟ್ಟಾಗ ಅವನ ಕೈಯನ್ನು ಹೀಗೇ ನೋಡುತ್ತಿದ್ದಳು. ಆಮೇಲೆ ಸೂಜಿ-ದಾರ ತಂದು ಮುಂದಿಟ್ಟಳು.

"ನನ್ನ ಬೆರಳು ಮಡಚೂದಿಲ್ಲ. ನೀನ ಹೊಲಿ."

ಮೂರು ತಿಂಗಳಿಂದ ಹೊಲಿಯುತ್ತಿದ್ದೇನೆ. ಹೊಲಿಗೆ ಸೊಟ್ಟ ಬಂದರೆ ಅವ್ವ ಬಿಚ್ಚಿಸುತ್ತಾಳೆ. ಗಾಡಿ ಜಾಕ್ ಇಲ್ಲದೆಯೇ ಮೂಲೆಯಲ್ಲಿ ನಿಂತಿದೆ; ಅದನ್ನು ಮುಟ್ಟಿಲ್ಲ. ಕೌದಿ ಮುಗಿದ ದಿನ ಸವದತ್ತಿಗೆ ಒಯ್ಯಬೇಕು. ತಂಗಿ ಬಾಗಿಲು ತೆರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ.